ಕಿತ್ತೂರಿನ ಸೆರೆಯಾಳು ಉಳಿಸಿಕೊಟ್ಟ ಶಾಸನ ಸಂಗ್ರಹ

ಕಿತ್ತೂರು, ಖಾನಾಪುರ, ಜಾಂಬೋಟಿ ಸೀಮೆಯ ಚರಿತ್ರೆ ಬರೆಯಹೊರಟವರು ಸರ್ ವಾಲ್ಟರ್ ಎಲಿಯಟ್ಟನ ಹೆಸರು ಬಿಟ್ಟು ಮುಂದೆ ಹೋಗುವಂತಿಲ್ಲ.

1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯೆದುರು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಹತನಾದ. ಆತ ಹೆಸರಾಂತ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಅವನ ಕೈಕೆಳಗಿದ್ದ ಎಲಿಯಟ್ ಮತ್ತು ಸ್ಟೀವನ್ಸನ್ ರಾಣಿ ಚೆನ್ನಮ್ಮನವರಿಗೆ ಸೆರೆಸಿಕ್ಕರು. ರಾಣಿಯವರು ಅವರ ಜೀವಕ್ಕೆ ಕುತ್ತು ತರದೆ ಡಿಸೆಂಬರ್ ಆರಂಭದಲ್ಲಿ ಬಿಟ್ಟು ಕಳಿಸಿದರು.

ಹಾಗೆ ಬದುಕಿ ಬಂದ ಎಲಿಯಟ್ ಧಾರವಾಡ ಸೀಮೆಯಲ್ಲಿದ್ದಷ್ಟು ಕಾಲವೂ ಕಲ್ಬರಹಗಳ ಬೆನ್ನುಹತ್ತಿದ. ಆಗಿನ್ನೂ ಕ್ಯಾಮೆರಾ ಬಂದಿರಲಿಲ್ಲ. ಊರೂರಿನ ಗುಡಿಗಳ ಕಲ್ಲಿನೆದುರು ಕುಳಿತು ಅಕ್ಷರ ಬಲ್ಲವರು ಕಣ್ಣಿಗೆ ಕಂಡಷ್ಟನ್ನು ಕಾಗದಕ್ಕಿಳಿಸಿದರು. ಹೀಗೆ 595 ಶಾಸನಗಳ ಪ್ರತಿ ಕೂಡಿಬಂತು. ಅವುಗಳ ಆಧಾರದ ಮೇಲೆ 1837ರಲ್ಲಿ ಆತ ಪ್ರಕಟಿಸಿದ ಲೇಖನ ಚಾಲುಕ್ಯರ ವಂಶಾವಳಿಗೆ ಮೊದಲ ಗಟ್ಟಿ ಬುನಾದಿಯಾಯಿತು. ‘ಕರ್ನಾಟಕ ದೇಶ ಇನ್‌ಸ್ಕ್ರಿಪ್ಶನ್ಸ್’ ಎಂಬ ಈ ಹಸ್ತಪ್ರತಿ ಸಂಗ್ರಹದ ಒಂದು ಪ್ರತಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೆ ಸೇರಿತು. ನಕಲುಗಳಲ್ಲಿ ತಪ್ಪುಗಳಿದ್ದವು, ನಿಜ. ಆದರೂ ಯಾವ ಊರಲ್ಲಿ ಯಾವ ಕಲ್ಲಿದೆ ಎಂದು ಮುಂದಿನವರಿಗೆ ದಾರಿ ತೋರಿದ್ದು ಅವೇ.

ಆ ದಾರಿ ಹಿಡಿದು ಬಂದವನು ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್. ನಮ್ಮ ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಕದಂಬ ಅರಸ ಮೃಗೇಶವರ್ಮನು ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ, ಎಂದರೆ ಇಂದಿನ ಹಲಸಿಯಲ್ಲಿ, ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ದತ್ತಿ ಬಿಟ್ಟದ್ದು ನಮಗೆ ತಿಳಿದದ್ದು ಹಾಗೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹಾಡುವವರ ಬಾಯಿಂದ ಕಾಗದಕ್ಕೆ ತಂದವನೂ ಇದೇ ಫ್ಲೀಟ್.

ಮುಂದೆ 1939ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಶಾಸನ, ಹಸ್ತಪ್ರತಿಗಳ ಕೆಲಸ ಮಾಡುತ್ತ ಬಂದಿದೆ. ಇಂದು ಅದು ಕರ್ನಾಟಕ ವಿಶ್ವವಿದ್ಯಾಲಯದ ಅಂಗ. 2010ರಿಂದ ಬೆಳಗಾವಿಗೆ ಚೆನ್ನಮ್ಮನವರ ಹೆಸರಿನದೇ ವಿಶ್ವವಿದ್ಯಾಲಯವಿದೆ. ರಾಣಿಯವರು ಜೀವ ಉಳಿಸಿದ ಎಲಿಯಟ್ಟನ ಸಂಗ್ರಹದ ಛಾಯಾಪ್ರತಿ ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಮ್ಮ ಮಕ್ಕಳ ಕೈಗೆ ಸಿಗಬೇಕು. ಅದು ನ್ಯಾಯವಾದ ಬೇಡಿಕೆ.

ಜಾಂಬೋಟಿ, ಕಣಕುಂಬಿ ಭಾಗದ ಹಿರಿಯರಲ್ಲಿ ಒಂದು ವಿನಂತಿ. ಗುಡಿಯ ಜೀರ್ಣೋದ್ಧಾರದಲ್ಲಿ ಅಕ್ಷರದ ಕಲ್ಲು ಸಿಕ್ಕರೆ ಅದಕ್ಕೆ ಬಣ್ಣ ಬಳಿಯಬೇಡಿ, ಸಿಮೆಂಟು ಮೆತ್ತಬೇಡಿ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಸನದು, ಮೋಡಿ ಕಾಗದ, ಓಲೆಗರಿ ಇದ್ದರೆ ಅದರ ಫೋಟೊ ತೆಗೆಸಿ ವಿಶ್ವವಿದ್ಯಾಲಯದವರಿಗೆ ತೋರಿಸಿ. ಈ ಸೀಮೆಯ ಮುಂದಿನ ಚರಿತ್ರೆಯನ್ನು ನಮ್ಮವರೇ ಬರೆಯಲಿ.