ನಿತ್ಯಪುಷ್ಪ: ಕುಂಡದಲ್ಲಿ ಬೆಳೆಸಿ, ಎಲೆ ಮಾತ್ರ ತಿನ್ನಬೇಡಿ

ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ಅಥವಾ ಸದಾಪುಷ್ಪವನ್ನು ನೀವು ನೋಡಿಯೇ ಇರುತ್ತೀರಿ. ಮರಾಠಿಯಲ್ಲಿ ಇದು ಸದಾಫುಲಿ, ತಮಿಳಿನಲ್ಲಿ ನಿತ್ಯಕಲ್ಯಾಣಿ, ತೆಲುಗಿನಲ್ಲಿ ಬಿಳ್ಳಗನ್ನೇರು, ಹಿಂದಿಯಲ್ಲಿ ಸದಾಬಹಾರ್. ಇದರ ಮೂಲ ಮಡಗಾಸ್ಕರ್ ದ್ವೀಪ. ವೈಜ್ಞಾನಿಕ ಹೆಸರು ಕ್ಯಾಥರಾಂಥಸ್ ರೋಸಿಯಸ್.

ಈ ಗಿಡಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ?

1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇದರ ಎಲೆಯಲ್ಲಿ ಮಧುಮೇಹಕ್ಕೆ ಔಷಧ ಹುಡುಕುತ್ತಿದ್ದರು. ಎಲೆಯ ಸಾರ ಕೊಟ್ಟ ಪ್ರಾಣಿಗಳಲ್ಲಿ ಬಿಳಿ ರಕ್ತಕಣಗಳು ತೀವ್ರವಾಗಿ ಕುಸಿದವು. ಆ ಸುಳಿವಿನಿಂದ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಅನ್ನು ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುತ್ತಾರೆ.

ಹಾಗಾದರೆ ಎಲೆ ಅಗಿದರೆ ಒಳ್ಳೆಯದಲ್ಲವೇ?

ಅಲ್ಲ. ಈ ಔಷಧಗಳನ್ನು ಶುದ್ಧೀಕರಿಸಿ, ರೋಗಿಗೆ ತಕ್ಕ ಪ್ರಮಾಣ ಲೆಕ್ಕ ಹಾಕಿ, ರಕ್ತನಾಳದ ಮೂಲಕವೇ ಕೊಡುತ್ತಾರೆ. ಎಲೆಯಲ್ಲಿ ಅವು ಅತ್ಯಲ್ಪ. ಜೊತೆಗೆ ಬೇರೆ ಹಲವು ವಿಷಕಾರಿ ಅಂಶಗಳಿವೆ. ಎಲೆ ತಿಂದರೆ ಕ್ಯಾನ್ಸರ್ ಗುಣವಾಗುವುದಿಲ್ಲ. ವಾಂತಿ, ರಕ್ತದೊತ್ತಡ ಇಳಿಯುವುದು, ನರಗಳ ತೊಂದರೆ ಕಾಣಿಸಿಕೊಳ್ಳಬಹುದು.

ಸಕ್ಕರೆ ಕಾಯಿಲೆಗೆಂದು ಎಲೆ ಅಗಿಯುವವರು ಇನ್ಸುಲಿನ್ ಅಥವಾ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವಿದೆ. ಗರ್ಭಿಣಿಯರು, ಹಾಲುಣಿಸುವವರು ಮತ್ತು ಕೀಮೋಥೆರಪಿಯಲ್ಲಿರುವವರು ಖಂಡಿತ ತಿನ್ನಬಾರದು. ಈಗಾಗಲೇ ತಿನ್ನುತ್ತಿದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ತಿಳಿಸಿ.

ಬೆಳೆಸುವುದು ಹೇಗೆ?

• ತಳದಲ್ಲಿ ತೂತಿರುವ 6–8 ಅಂಗುಲದ ಕುಂಡ ಸಾಕು. ತೋಟದ ಮಣ್ಣಿಗೆ ಮರಳು ಮತ್ತು ಸ್ವಲ್ಪ ಕಾಂಪೋಸ್ಟ್ ಬೆರೆಸಿ.
• ಬೀಜ ಬಿತ್ತಿ ತೆಳುವಾಗಿ ಮಣ್ಣು ಮುಚ್ಚಿ. ಮೊಳಕೆಗೆ ಕತ್ತಲೆ ಬೇಕು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮೊಳೆಯುತ್ತದೆ. ತುದಿಯ ಎಳೆ ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ.
• ದಿನಕ್ಕೆ ಸುಮಾರು 6 ಗಂಟೆ ಬಿಸಿಲು ಬೀಳುವ ಬಾಲ್ಕನಿಯಲ್ಲಿಡಿ.
• ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಮುಂಬೈ ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿ ಸರಿಸಿ. ದೆಹಲಿಯ ಚಳಿಯಲ್ಲಿ ಒಳಗಿಡಿ.
• ತುದಿ ಚಿವುಟಿದರೆ ಗಿಡ ಪೊದೆಯಾಗಿ ಹೆಚ್ಚು ಹೂ ಬಿಡುತ್ತದೆ.

ಆರೈಕೆ ಮಾಡುವವರ ಗಮನಕ್ಕೆ

ಕುಂಡವನ್ನು ಚಿಕ್ಕ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇಡಿ. ಕೀಮೋಥೆರಪಿ ನಡೆಯುತ್ತಿರುವವರಿಗೆ ಸೋಂಕು ಬೇಗ ತಗಲುತ್ತದೆ. ಮಣ್ಣಿನ ಕೆಲಸವನ್ನು ಮನೆಯ ಬೇರೆಯವರು ಮಾಡಲಿ, ರೋಗಿ ದೂರದಿಂದ ಹೂ ನೋಡಿ ಸಂತೋಷಪಡಲಿ. ಯಾರಾದರೂ ಎಲೆ ತಿಂದು ವಾಂತಿ, ತಲೆಸುತ್ತು, ನಡುಕ ಅಥವಾ ವಿಪರೀತ ಬೆವರು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಎಲೆಯ ಮಾದರಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.