ದೆವ್ವ ಇಲ್ಲದ ಕಥೆಗೆ ದೆವ್ವ ಬಂತು

2023ರಲ್ಲಿ ಬಂದ ‘ಚಂದ್ರಮುಖಿ 2’ ನೋಡಿದೆ. ಭಯ ಆಗಲಿಲ್ಲ, ಬೇಜಾರಾಯ್ತು. ಹಳೇ ಅರಮನೆ, ಹೋಗಬಾರದ ಕೋಣೆ, ಗೆಜ್ಜೆ ಸದ್ದು, ಎಲ್ಲಾ ಮೊದಲೇ ನೋಡಿದ್ದು. ಆದರೆ ನಕಲು ಅನ್ನೋದಷ್ಟೇ ಅದರ ತಪ್ಪಲ್ಲ. ಈ ಕಥೆ ಮೂವತ್ತು ವರ್ಷದಿಂದ ನಕಲಾಗ್ತಾನೇ ಇದೆ, ಚೆನ್ನಾಗಿಯೂ ನಕಲಾಗಿದೆ.

ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಬರೆದವರು ಮಧು ಮುಟ್ಟಂ, ನಿರ್ದೇಶಕರು ಫಾಸಿಲ್. ನಾಯಕಿ ಗಂಗಾ ಪಾತ್ರಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಮನೆಯವರೆಲ್ಲ ನಾಗವಲ್ಲಿಯ ಪ್ರೇತಕ್ಕೆ ಹೆದರಿ ಕೂತಿರ್ತಾರೆ. ಕೊನೆಗೆ ಗೊತ್ತಾಗೋದು, ಅಲ್ಲಿ ಪ್ರೇತವೇ ಇಲ್ಲ ಅಂತ. ಇರೋದು ಅಪ್ಪ ಅಮ್ಮ ದೂರವಿದ್ದು, ಅಜ್ಜಿ ಹತ್ರ ಬೆಳೆದ ಒಂಟಿ ಹುಡುಗಿಯ ಮನಸ್ಸಿನ ಗಾಯ. ಮಂತ್ರ ಬಲ್ಲ ಹಿರಿಯರೇ ಮನೋವೈದ್ಯನ ಜೊತೆ ನಿಲ್ತಾರೆ.

2004ರಲ್ಲಿ ಪಿ. ವಾಸು ಇದನ್ನ ನಮಗೆ ‘ಆಪ್ತಮಿತ್ರ’ ಮಾಡಿಕೊಟ್ಟರು. ವಿಷ್ಣುವರ್ಧನ್ ಡಾಕ್ಟರು, ಸೌಂದರ್ಯ ಗಂಗಾ. ಚಿತ್ರ ತೆರೆಗೆ ಬರೋ ಹೊತ್ತಿಗೆ ಸೌಂದರ್ಯ ಇರಲಿಲ್ಲ. 2005ರಲ್ಲಿ ತಮಿಳಿನ ‘ಚಂದ್ರಮುಖಿ’, 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯಾ’ ಬಂದವು. ಒಂದು ತಮಾಷೆ ಗಮನಿಸಿ: ಮಲಯಾಳಂ ನಾಗವಲ್ಲಿ ಮಾತಾಡೋದು ತಮಿಳು. ಕನ್ನಡ, ತಮಿಳು ಚಿತ್ರಗಳಲ್ಲಿ ಅವಳು ತೆಲುಗಿನವಳು. ಹಿಂದಿಯಲ್ಲಿ ಬಂಗಾಳಿ. ದೆವ್ವ ಯಾವತ್ತೂ ಪಕ್ಕದ ಭಾಷೆಯವಳೇ! ನಮ್ಮ ‘ಆಪ್ತಮಿತ್ರ’ಕ್ಕೆ ಹಾವೂ ಸೇರಿಕೊಂಡಿತು. ಆದರೂ ತಿರುಳು ಬದಲಾಗಲಿಲ್ಲ: ಗಂಗಾಗೆ ಬೇಕಿದ್ದು ಚಿಕಿತ್ಸೆ.

ಕೆಟ್ಟಿದ್ದು ಮುಂದಿನ ಭಾಗಗಳಲ್ಲಿ. ಗಂಗಾ ಗುಣವಾದ ಮೇಲೆ ಕಥೆ ಮುಗಿದಿತ್ತು. ಆದರೆ ನಾಗವಲ್ಲಿ ಹೆಸರಿಗೆ ಜನ ಬರ್ತಾರಲ್ಲ! 2022ರ ‘ಭೂಲ್ ಭುಲಯ್ಯಾ 2’ರಲ್ಲಿ ದೆವ್ವ ನಿಜವಾಗಿಯೂ ಇದೆ. ಮೊದಲ ‘ಚಂದ್ರಮುಖಿ’ ಮಾಡಿದ ವಾಸು ಅವರೇ ಮಾಡಿದ ‘ಚಂದ್ರಮುಖಿ 2’ರಲ್ಲಿ ಅವಳ ಜೊತೆ ರಾಜನ ಆತ್ಮವೂ ಮೈಮೇಲೆ ಬರುತ್ತೆ. ಕೋಣೆ, ಗೆಜ್ಜೆ, ಸೀರೆ ಉಳಿಸಿಕೊಂಡು ರೋಗಿಯನ್ನೇ ಕೈಬಿಟ್ಟರು.

ಇದು ಬರೀ ಸಿನಿಮಾ ವಿಷಯವಲ್ಲ. ‘ಮೈಮೇಲೆ ಬರುತ್ತೆ’ ಅಂತ ಹೆಣ್ಣುಮಕ್ಕಳಿಗೆ ಬೇವಿನ ಸೊಪ್ಪಿನಲ್ಲಿ ಹೊಡೆಯೋದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅಂಥವಳನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ ಅಂತ ಯಾವ ಭಾಷಣವೂ ಇಲ್ಲದೆ ಹೇಳಿದ್ದು ಈ ಕಥೆ, ಅದೂ ಹಾಡು, ಹಾಸ್ಯ, ಸ್ಟಾರ್ ನಟರ ಜೊತೆ, ತುಂಬಿದ ಟಾಕೀಸಿನಲ್ಲಿ. ಅದೇ ಹೆಸರು ಹಾಕಿಕೊಂಡು ಬಂದ ಎರಡನೇ ಭಾಗ ಆ ಮಾತನ್ನ ವಾಪಸ್ ತಗೊಳ್ತು.