ಕಲಿತವರೇ ಕಲಿಸಿದಾಗ: ಮೈಸೂರು ಸೀಮೆಯ ಮಿಷನ್ ಶಿಕ್ಷಣ, ಕೂಲಿಮಠ ಮತ್ತು ಹೋಬಳಿ ಶಾಲೆ

ಒಬ್ಬ ಪಾದ್ರಿಯ ಪುಸ್ತಕ, ಒಬ್ಬ ಕಲೆಕ್ಟರನ ವರದಿ. ಎರಡೂ 1823ರವು. ಮೈಸೂರು ಸೀಮೆಯಲ್ಲಿ ದಶಕಗಳನ್ನು ಕಳೆದು ಪ್ಯಾರಿಸ್‌ಗೆ ಮರಳಿದ ಅಬ್ಬೆ ದುಬುವಾ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ತನ್ನ ಪತ್ರಗಳನ್ನು ಆ ವರ್ಷ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಇಲ್ಲಿನ ಜನರನ್ನು ಮತಾಂತರಿಸುವುದು ಆಗದ ಕೆಲಸ ಎಂಬುದು ಅವನ ತೀರ್ಮಾನ. ಅದೇ ವರ್ಷದ ಆಗಸ್ಟ್‌ನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಮದರಾಸಿಗೆ ಕಳಿಸಿದ: 533 ಶಾಲೆ, 6,641 ವಿದ್ಯಾರ್ಥಿಗಳು. ಮಿಷನ್ ಚರಿತ್ರೆಯನ್ನು ಬರೆಯುವವರು ಮೊದಲನೆಯದನ್ನು ಉಲ್ಲೇಖಿಸುತ್ತಾರೆ, ಶಿಕ್ಷಣದ ಚರಿತ್ರೆ ಬರೆಯುವವರು ಎರಡನೆಯದನ್ನು. ಎರಡನ್ನೂ ಎದುರುಬದುರು ಇಟ್ಟು ಓದಬೇಕೆಂಬುದು ಈ ಲೇಖನದ ವಾದ. ಮಿಷನರಿಗಳು ತಂದ ಬದಲಾವಣೆ ಎಷ್ಟು ದೂರ ಹೋಯಿತು ಎಂಬುದು ಅವರು ಎಷ್ಟು ಜನಕ್ಕೆ ಕಲಿಸಿದರು ಎಂಬುದರಿಂದ ತೀರ್ಮಾನವಾಗಲಿಲ್ಲ. ಕಲಿತವರಲ್ಲಿ ಯಾರಿಗೆ ಕಲಿಸುವ ಅಧಿಕಾರ ಸಿಕ್ಕಿತು ಎಂಬುದರಿಂದ ಆಯಿತು.

ದುಬುವಾನ ನಿರಾಶೆಯನ್ನು ಅವನದೇ ಬದುಕು ಅಲ್ಲಗಳೆಯುತ್ತದೆ. ಟಿಪ್ಪುವಿನ ಪತನದ ನಂತರ ಮೈಸೂರಿಗೆ ಬಂದು, ಇಲ್ಲಿನವರಂತೆ ಉಡುಪು ತೊಟ್ಟು, ಜನರಿಂದ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡವನು ಅವನು. 1802ರಲ್ಲಿ ಸಿಡುಬನ್ನು ತಡೆಯುವ ಗೋವಸೂರಿಯ ಲಸಿಕೆ ಮುಂಬಯಿಗೆ ಬಂದಿಳಿದ ಸ್ವಲ್ಪ ಕಾಲಕ್ಕೇ ಮೈಸೂರು ಸೀಮೆಯಲ್ಲಿ ಅದನ್ನು ಹರಡಲು ಓಡಾಡಿದ. ಆಗಿನ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆಯಿಂದ ಕೀವು ತೆಗೆದು ಮುಂದಿನ ಮಗುವಿನ ತೋಳಿಗೆ ಚುಚ್ಚಬೇಕಿತ್ತು. ಪಡೆದವರೇ ಕೊಡುವವರಾಗದೆ ಆ ಕೆಲಸ ನಡೆಯುವಂತಿರಲಿಲ್ಲ. ಹಾಸನ ಸೀಮೆಯ ಸಾತಳ್ಳಿಯಲ್ಲಿ ಅವನು ಬೇಸಾಯದ ನೆಲೆಯನ್ನೂ ಕಟ್ಟಿದ. ಸ್ನಾನದೀಕ್ಷೆಯ ಲೆಕ್ಕವೊಂದನ್ನೇ ಅಳತೆಗೋಲಾಗಿ ಹಿಡಿದವನಿಗೆ ಇವು ಸಾಧನೆಯಾಗಿ ಕಾಣಲಿಲ್ಲ ಅಷ್ಟೆ. ಅಳತೆಗೋಲಿನ ಈ ದೋಷ ಮಿಷನ್ ಕುರಿತ ಬರಹಗಳಲ್ಲಿ ಇವತ್ತಿಗೂ ಇದೆ, ಹೊಗಳುವವರಲ್ಲೂ, ತೆಗಳುವವರಲ್ಲೂ.

ಇನ್ನು ಕ್ಯಾಂಪ್‌ಬೆಲ್. ಅವನು ಕಂಡ ಕೂಲಿಮಠಗಳಲ್ಲಿ, ಅಂದರೆ ಊರ ಶಾಲೆಗಳಲ್ಲಿ, ಐಗಳು (ಮೇಷ್ಟರು) ಒಬ್ಬರೇ. ಮುಂದಿರುವ ಹುಡುಗರು ಹಿಂದಿರುವ ಹುಡುಗರಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಹೀಗೆ ಕಲಿಸುತ್ತ ಆ ಹುಡುಗರ ಕಲಿಕೆಯೇ ಗಟ್ಟಿಯಾಗುತ್ತದೆ ಎಂದು ಕಲೆಕ್ಟರ್ ಮೆಚ್ಚಿಕೊಂಡ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದ. ಆ ಅನುಕರಣೆಯ ಮೂಲ ಮದರಾಸಿನಲ್ಲಿದೆ. ಅಲ್ಲಿನ ಗಂಡುಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರೂ ಬೆಲ್, ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನೇ ತನ್ನಲ್ಲಿ ಜಾರಿಗೆ ತಂದ. ಬಾಲಕರೇ ಬಾಲಕರಿಗೆ ಪಾಠ ಹೇಳುವ ಏರ್ಪಾಡನ್ನು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿಸಿದ. ಅದು ‘ಮದರಾಸು ಪದ್ಧತಿ’ ಎಂದು ಹೆಸರಾಗಿ, ಮಿಷನ್ ಶಾಲೆಗಳ ಮೂಲಕ ಇಲ್ಲಿಗೇ ವಾಪಸು ಬಂತು. ಕಲಿತವನು ಕಲಿಸುವ ಕ್ರಮವನ್ನು ಮಿಷನರಿಗಳು ಹುಟ್ಟಿಸಿದರೆಂಬ ಮಾತು, ಆದ್ದರಿಂದ, ನಿಲ್ಲುವುದಿಲ್ಲ.

ಆದರೆ ಕ್ಯಾಂಪ್‌ಬೆಲ್‌ನ ವರದಿ ಬರೀ ಮೆಚ್ಚುಗೆಯಲ್ಲ. ಬಳಕೆಯಲ್ಲಿಲ್ಲದ ನುಡಿಯ ಪದ್ಯಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅರ್ಥ ಎಷ್ಟೋ ಕಡೆ ಐಗಳಿಗೇ ಗೊತ್ತಿಲ್ಲ ಎಂದೂ ಅದರಲ್ಲಿದೆ. ಬಾಯಿಂದ ಬಾಯಿಗೆ ಹೋಗುವ ವಿದ್ಯೆ ಅರ್ಥವನ್ನು ದಾಟಿಸುವಷ್ಟೇ ಸಲೀಸಾಗಿ ಅರ್ಥಹೀನತೆಯನ್ನೂ ದಾಟಿಸುತ್ತದೆ. ಪ್ರಶ್ನೋತ್ತರ ರೂಪದ ಜ್ಞಾನೋಪದೇಶವನ್ನು ಉರು ಹೊಡೆಸಿದ ಮಿಷನ್ ಉಪದೇಶಿಗಳ ಶಾಲೆಗಳಿಗೂ ಇದೇ ಟೀಕೆ ಸಲ್ಲುತ್ತದೆ.

ಹಾಗಾದರೆ ಮಿಷನ್ ಬದಲಿಸಿದ್ದೇನು? ಸಾಲಿನಲ್ಲಿ ಯಾರು ಕೂರಬಹುದು ಎಂಬುದನ್ನು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್‌ನಿಂದ ಮೊದಲಾದ ಲಂಡನ್ ಮಿಷನ್, 1840ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಬಾಲಕಿಯರಿಗೆ ಶಾಲೆ ತೆರೆಯಿತು. ಹೊಲೆಯ, ಮಾದಿಗ ಕೇರಿಗಳ ಮಕ್ಕಳಿಗೆ ಕೂಲಿಮಠದ ಜಗಲಿ ಹತ್ತುವ ಹಾಗಿರಲಿಲ್ಲ. ಮಿಷನ್ ಶಾಲೆಗಳಲ್ಲಿ ಅವರಿಗೆ ಜಾಗ ಸಿಕ್ಕಿತು. ಆದರೆ ಮಿಷನ್ ಕಡೆ ಹೋದವರು, ಯಾವ ಜಾತಿಯವರಾದರೂ, ಬೆಲೆಯನ್ನೂ ತೆರಬೇಕಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್‌ನ ಶಿಷ್ಯ, ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಊರೇ ಎದ್ದು ನಿಂತಿತು. ಅದೇ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ, ಕನ್ನಡ ಬಲ್ಲ ಗುರುವಾಗಿ ಇತರರನ್ನು ತಯಾರು ಮಾಡಿದ. ಗಮನಿಸಬೇಕಾದದ್ದು, ಅವನಂಥವರು ಬೆರಳೆಣಿಕೆಯಷ್ಟೇ. ಕೇರಿಯಿಂದ ಬಂದ ಉಪದೇಶಿ ಬಹುಪಾಲು ಸಂಬಳಕ್ಕೆ ದುಡಿಯುವ ಸಹಾಯಕನಾಗಿಯೇ ಉಳಿದ. ವರದಿ ಬರೆಯುವ ಲೇಖನಿ ಬಿಳಿಯರ ಕೈಯಲ್ಲಿತ್ತು. ನನ್ನ ಅಭಿಪ್ರಾಯದಲ್ಲಿ ಮಿಷನ್ ಶಿಕ್ಷಣದ ನಿಜವಾದ ಮಿತಿ ಇದು. ಮತಾಂತರದ ಗದ್ದಲದಲ್ಲಿ ಇದರ ಚರ್ಚೆ ಹಿಂದೆ ಬಿದ್ದಿದೆ.

ಈಗ ಮಿಷನ್ ಕೇಂದ್ರಗಳನ್ನು ಬಿಟ್ಟು ಹಳ್ಳಿಯ ಕಡೆಗೆ, ಇಂದಿನ ಚಾಮರಾಜನಗರ ಜಿಲ್ಲೆಯ ಕುದೇರಿನ ಕಡೆಗೆ ಬರೋಣ. ಈ ಊರು ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಕೊಳ್ಳೇಗಾಲ 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಹುಟ್ಟಿದ ಚಾಮರಾಜನಗರ ಜಿಲ್ಲೆಯನ್ನು ಒಂದೇ ಘಟಕವೆಂದು ತಿಳಿದು ಹಿಂದಕ್ಕೆ ಓದಿದರೆ ದಾರಿ ತಪ್ಪುತ್ತೇವೆ. ಸಂಸ್ಥಾನದ ಭಾಗದಲ್ಲಿ ನಿರ್ಣಾಯಕವಾದದ್ದು ಪಾದ್ರಿಯ ಮಗನೊಬ್ಬನ ಯೋಜನೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್‌ನ ಮಗ ಬಿ.ಎಲ್. ರೈಸ್ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವನು. ಶಾಸನಗಳ ರೈಸ್ ಎಂದೇ ಎಲ್ಲರಿಗೂ ಪರಿಚಯ. ಶಿಕ್ಷಣ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟವನೂ ಅವನೇ. ಶಾಲೆಗೆ ಕಟ್ಟಡ ಊರವರದು, ಸಂಬಳ ಸರ್ಕಾರದ್ದು. ಮೇಷ್ಟರನ್ನು ಹೊರಗಿನಿಂದ ತರುವ ಬದಲು ಇದ್ದ ಐಗಳಲ್ಲೇ ತಕ್ಕವರನ್ನು ನಾರ್ಮಲ್ ಶಾಲೆಗೆ ಕಳಿಸಿ ತರಬೇತು ಕೊಡುವುದು ಅದರ ತಿರುಳು. ಕೂಲಿಮಠದ ಮನುಷ್ಯ, ಮಿಷನ್ ಬಂಗಲೆಯಲ್ಲಿ ಬೆಳೆದವನ ಸಂಘಟನೆ, ಸರ್ಕಾರದ ಖಜಾನೆ: ಈ ಮೂರೂ ಕೂಡಿದ ಮೇಲೆ ಅಕ್ಷರ ಹೋಬಳಿಗೆ ಇಳಿಯಿತು, ಬೈಬಲ್ ಇಲ್ಲದೆಯೇ. ಇದನ್ನು ಮಿಷನ್ನಿನ ಸೋಲೆನ್ನಬೇಕೆ, ಗೆಲುವೆನ್ನಬೇಕೆ? ಹೋಬಳಿ ಶಾಲೆಯ ಬಾಗಿಲೂ ಕೇರಿಯ ಮಗುವಿಗೆ ಕೂಡಲೇ ತೆರೆಯಲಿಲ್ಲ ಎಂಬುದನ್ನು ಮರೆಯದವರು ಗೆಲುವೆಂದು ಬೇಗ ಹೇಳಲಾರರು. ಅಂಥ ಬಾಗಿಲಿಗಾಗಿ ಸಂಸ್ಥಾನದ ಹೊರಗೆ ಹೋರಾಡಿದವರಲ್ಲಿ ಕ್ರೈಸ್ತರಲ್ಲದವರೂ ಇದ್ದರು. ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ತಮ್ಮ ಸಂಸ್ಥೆಗೂ ‘ಮಿಷನ್’ ಎಂದೇ ಹೆಸರಿಟ್ಟರು.

ಆರೋಗ್ಯದ ಕ್ಷೇತ್ರದಲ್ಲಿ ಕಥೆ ಬೇರೆ ತಿರುವು ಪಡೆಯಿತು. ವೆಸ್ಲಿಯನ್ ಮಿಷನ್ 1906ರಲ್ಲಿ ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ದಾದಿಯರನ್ನೂ ತಯಾರು ಮಾಡಿತು. ಪುರುಷ ವೈದ್ಯರ ಮುಂದೆ ಬಾರದ ಹೆಂಗಸರು ಒಳಗೆ ಬಿಟ್ಟುಕೊಂಡದ್ದು ಮಾತು ಬಲ್ಲ ದಾದಿಯನ್ನು. ಇಲ್ಲಿ ಕಲಿತವಳು ಸಹಾಯಕಿಯಾಗಿ ಉಳಿಯಲಿಲ್ಲ, ಕೆಲಸದ ಕೇಂದ್ರವೇ ಆದಳು. ಕೊಳ್ಳೇಗಾಲದ ಕಡೆ, ಕಾಮಗೆರೆಯಲ್ಲಿ, ಕ್ಯಾಥೊಲಿಕ್ ಸಿಸ್ಟರ್‌ಗಳ ಹೋಲಿ ಕ್ರಾಸ್ ಆಸ್ಪತ್ರೆ ಹಳ್ಳಿಗಾಡಿನ ನಡುವೆಯೇ ನೆಲೆಸಿತು. ಹೋಲಿಕೆಗೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವನ್ನು ನೋಡಬಹುದು. ಅಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಚರ್ಚಿನ ನಂಟಿಲ್ಲ. ಬೆಟ್ಟದ ಬುಡಕಟ್ಟಿನವರಾದ ಸೋಲಿಗರನ್ನೇ ಆರೋಗ್ಯ ಕಾರ್ಯಕರ್ತರಾಗಿ ತರಬೇತುಗೊಳಿಸಿ ಅವರದೇ ಪೋಡುಗಳಿಗೆ (ಹಾಡಿಗಳಿಗೆ) ಕಳಿಸುವ ಕ್ರಮವನ್ನು ಅದು ಅನುಸರಿಸಿತು. ಕೇಂದ್ರದ ಶಾಲೆಯಲ್ಲಿ ಓದಿದವರು ತಮ್ಮ ಜನರ ಪರವಾಗಿ ಕಡತ ಓದಿದರು, ಅರ್ಜಿ ಬರೆದರು. 2011ರಲ್ಲಿ ಆ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು.